ಮೂಲ ಇಲ್ಲೇ ಇರಲಿ: ನಾಮ್ ಪೆನ್‌ನಲ್ಲಿ ಕಟ್ಟಿದ ಒಂದು ಮಾನವ ಹಕ್ಕು ದಾಖಲೆ ಕೇಂದ್ರದ ಪ್ರಕರಣ

ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ 1924ರಲ್ಲಿ ಫ್ರೆಂಚರ ಕಾಲದಲ್ಲಿ ಶುರುವಾದ ರಾಷ್ಟ್ರೀಯ ಗ್ರಂಥಾಲಯವಿದೆ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರ ಪಡೆ ಊರಿಗೆ ನುಗ್ಗಿತು. ಕೆಲವೇ ದಿನಗಳಲ್ಲಿ ರಾಜಧಾನಿಯ ಜನರನ್ನೆಲ್ಲ ಹಳ್ಳಿಗಳಿಗೆ ಅಟ್ಟಿತು. ಗ್ರಂಥಾಲಯದ ಪುಸ್ತಕಗಳು ಬೀದಿಗೆ ಬಿದ್ದವು, ಎಷ್ಟೋ ಬೆಂಕಿಗೆ ಹೋದವು. ಆವರಣದಲ್ಲಿ ಹಂದಿ ಸಾಕಿದರು. ಅಲ್ಲಿ ಕೆಲಸಕ್ಕಿದ್ದವರಲ್ಲಿ ಬಹುಪಾಲು ಜನ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಬಂದು ಆ ಆಡಳಿತ ಮುಗಿಯುವ ಹೊತ್ತಿಗೆ ಹಸಿವು, ರೋಗ, ಮೈಮುರಿವ ದುಡಿಮೆ, ಕೊಲೆ ಇವುಗಳಿಂದ ಸುಮಾರು 17 ಲಕ್ಷ ಜನ ಸತ್ತಿದ್ದರು. ದೇಶದ ಐವರಲ್ಲಿ ಒಬ್ಬರು ಎಂದಾಯಿತು.

ಪುಸ್ತಕಗಳನ್ನು ಬೀದಿಗೆ ಎಸೆದ ಅದೇ ಆಡಳಿತ ತನ್ನ ಕಡತಗಳನ್ನು ಮಾತ್ರ ಒಪ್ಪವಾಗಿ ಇಟ್ಟುಕೊಂಡಿತ್ತು. ತೂಲ್ ಸ್ಲೆಂಗ್ ಎಂಬಲ್ಲಿನ ಪ್ರೌಢಶಾಲೆಯೊಂದನ್ನು ಎಸ್-21 ಎಂಬ ಸೆರೆಮನೆ ಮಾಡಿದ್ದರು. ಒಳಗೆ ಬಂದವರ ಎದೆಗೆ ಸಂಖ್ಯೆಯ ಚೀಟಿ ಸಿಕ್ಕಿಸಿ ಫೋಟೊ ತೆಗೆಯುತ್ತಿದ್ದರು. ಆಮೇಲೆ ಹಿಂಸೆ ಕೊಟ್ಟು, ಪುಟಗಟ್ಟಲೆ ತಪ್ಪೊಪ್ಪಿಗೆ ಬರೆಸಿ, ಕೊಲ್ಲುತ್ತಿದ್ದರು. ಅಲ್ಲಿ ಪ್ರಾಣ ಕಳೆದುಕೊಂಡವರು ಕನಿಷ್ಠ 12,272 ಎಂದು ಮುಂದೆ ನ್ಯಾಯಾಲಯ ಲೆಕ್ಕ ಹಾಕಿತು. ಇಡೀ ಬದುಕು ಗ್ರಂಥಾಲಯದಲ್ಲಿ ಕಳೆದ ನನಗೆ ಈ ಪ್ರಕರಣದಲ್ಲಿ ಮೊದಲು ಎದೆಗೆ ತಟ್ಟಿದ್ದು ಇದು. ವರ್ಗೀಕರಣ, ಸಂಖ್ಯೆ, ಕಡತ, ಸೂಚಿ ಎಲ್ಲವೂ ನಾವು ದಿನವೂ ಬಳಸುವ ಸಲಕರಣೆಗಳೇ. ಅವೇ ಅಲ್ಲಿ ಕೊಲ್ಲುವ ಕೆಲಸಕ್ಕೆ ಒದಗಿದ್ದವು.

ಆ ಕಾಗದಗಳನ್ನು ಕೂಡಿಸಿ, ಹಲವು ದೇಶಗಳ ನೆರವಿನಿಂದ ಒಂದು ಮಾನವ ಹಕ್ಕು ದಾಖಲೆ ಕೇಂದ್ರ ಕಟ್ಟಿದ ಬಗೆ ಈ ಬರಹದ ವಿಷಯ. ಸಂಸ್ಥೆಗಳ ಹೆಸರು ಬೇಕಾದಲ್ಲಿ ಹೇಳಿದ್ದೇನೆ. ವ್ಯಕ್ತಿಗಳ ಹೆಸರು ಎಲ್ಲಿಯೂ ಇಲ್ಲ, ಸತ್ತವರದ್ದೂ ಇಲ್ಲ, ಕೊಂದವರದ್ದೂ ಇಲ್ಲ, ಕಟ್ಟಿದವರದ್ದೂ ಇಲ್ಲ. ಹೆಸರುಗಳನ್ನು ಹೇಗೆ ಇಡಬೇಕು, ಯಾರಿಗೆ ತೋರಿಸಬೇಕು ಎಂಬುದೇ ಆ ಕೇಂದ್ರದ ಅತಿ ಕಷ್ಟದ ಕೆಲಸವಾಗಿತ್ತು.

ಎಲ್ಲಿ ಸಿಕ್ಕಿಕೊಂಡಿತ್ತು

1979ರಿಂದ 1990ರ ದಶಕದ ಆರಂಭದವರೆಗೆ ಈ ಸಾಕ್ಷ್ಯಕ್ಕೆ ಲೋಕದಲ್ಲಿ ಗಿರಾಕಿಯೇ ಇರಲಿಲ್ಲ. ಶೀತಲ ಸಮರದ ರಾಜಕೀಯದಲ್ಲಿ ವಿಶ್ವಸಂಸ್ಥೆಯ ಕಾಂಬೋಡಿಯಾ ಪೀಠ ಖ್ಮೇರ್ ರೂಜ್ ಕಡೆಯವರ ಬಳಿಯೇ ವರ್ಷಗಟ್ಟಲೆ ಉಳಿದಿತ್ತು. 1991ರ ಅಕ್ಟೋಬರ್ 23ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಶಾಂತಿ ಒಪ್ಪಂದದಲ್ಲಿ ‘ನರಮೇಧ’ ಎಂಬ ಪದವೇ ಇಲ್ಲ. ‘ಹಿಂದಿನ ನೀತಿ, ಪದ್ಧತಿಗಳು’ ಎಂದಷ್ಟೇ ಬರೆದು ಮುಂದೆ ಹೋದರು.

ಹಾಗೆಂದು ಯಾರೂ ಏನೂ ಮಾಡಲಿಲ್ಲ ಎಂದಲ್ಲ. ತೂಲ್ ಸ್ಲೆಂಗ್ ಮ್ಯೂಸಿಯಂ ಆಗಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಬಂದು ಅಲ್ಲಿನ ತಪ್ಪೊಪ್ಪಿಗೆಗಳನ್ನು ಇನ್ನೂರಕ್ಕೂ ಹೆಚ್ಚು ಸುರುಳಿ ಮೈಕ್ರೋಫಿಲ್ಮ್‌ಗೆ ಇಳಿಸಿದರು. 1993–94ರಲ್ಲಿ ಇಬ್ಬರು ಛಾಯಾಗ್ರಾಹಕರು ಸುಮಾರು ಆರು ಸಾವಿರ ನೆಗೆಟಿವ್‌ಗಳನ್ನು ತೊಳೆದು, ಒರೆಸಿ, ಪಟ್ಟಿ ಮಾಡಿದರು. ಮಳೆಗಾಲದ ತೇವದಲ್ಲಿ, ಗೆದ್ದಲಿನ ನಾಡಿನಲ್ಲಿ ಈ ಎರಡು ಕೆಲಸ ಆಗದೆ ಇದ್ದಿದ್ದರೆ ಇವತ್ತು ನಮಗೆ ಎಷ್ಟು ಉಳಿಯುತ್ತಿತ್ತೋ ಹೇಳಲಾಗದು. ಆದರೆ ಅದು ಒಂದು ಕಟ್ಟಡದ ಕೆಲಸವಾಯಿತು. ದೇಶದ ಉದ್ದಗಲಕ್ಕೂ ಚದುರಿಬಿದ್ದ ಕಾಗದ, ಹೆಣ ಹೂತ ಹೊಂಡ, ಸೆರೆಮನೆ, ಬದುಕುಳಿದವರ ಮಾತು ಇವನ್ನು ಒಂದು ಕಡೆ ತಂದು ವರ್ಷವರ್ಷವೂ ನಡೆಸಿಕೊಂಡು ಹೋಗುವ ಮನೆ ಇರಲಿಲ್ಲ. ಅದಕ್ಕೆ ಬೇಕಾದ ತಲೆಮಾರು ಸತ್ತುಹೋಗಿತ್ತು. ಖ್ಮೇರ್ ರೂಜ್ ಮಾತ್ರ ಇನ್ನೂ ಸತ್ತಿರಲಿಲ್ಲ, ಥಾಯ್ ಗಡಿಯ ಕಾಡುಗಳಲ್ಲಿ ಬಂದೂಕು ಹಿಡಿದೇ ಕೂತಿತ್ತು.

ದುಡ್ಡು ಬಂತು, ಜೊತೆಗೆ ಜಗಳವೂ

1994ರಲ್ಲಿ ಅಮೆರಿಕದ ಸಂಸತ್ತು ಕಾಂಬೋಡಿಯಾ ನರಮೇಧ ನ್ಯಾಯ ಕಾಯಿದೆಯನ್ನು ಅಂಗೀಕರಿಸಿತು. ಅದರ ಅಡಿಯಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ ಯೇಲ್ ವಿಶ್ವವಿದ್ಯಾಲಯಕ್ಕೆ 4,99,000 ಡಾಲರ್ ಅನುದಾನ ಕೊಟ್ಟಿತು. ಆಸ್ಟ್ರೇಲಿಯಾ, ನೆದರ್ಲೆಂಡ್ಸ್ ಸರಕಾರಗಳೂ ಕೈಜೋಡಿಸಿದವು. 1995ರ ಜನವರಿಯಲ್ಲಿ ಯೇಲ್‌ನ ಕ್ಷೇತ್ರ ಕಚೇರಿಯಾಗಿ ನಾಮ್ ಪೆನ್‌ನಲ್ಲಿ ಕಾಂಬೋಡಿಯಾ ದಾಖಲೆ ಕೇಂದ್ರ ತೆರೆಯಿತು. ಅದರ ಹೊಣೆ ಹೊತ್ತವರು ಖ್ಮೇರ್ ರೂಜ್ ಕಾಲದಲ್ಲಿ ಹುಡುಗನಾಗಿದ್ದು ಬದುಕುಳಿದು, ಅಮೆರಿಕಕ್ಕೆ ನಿರಾಶ್ರಿತರಾಗಿ ಹೋಗಿ ಮರಳಿ ಬಂದ ಒಬ್ಬ ಕಾಂಬೋಡಿಯನ್.

ಕೆಲಸ ಶುರುವಾಗಿ ಕೆಲವೇ ತಿಂಗಳಿಗೆ ಅಮೆರಿಕದ ಪತ್ರಿಕೆಗಳಲ್ಲಿ ಗದ್ದಲ ಎದ್ದಿತು. ಯೇಲ್ ಕಡೆಯ ಮುಖ್ಯಸ್ಥರು ತಾರುಣ್ಯದಲ್ಲಿ ಖ್ಮೇರ್ ರೂಜ್ ಬಗ್ಗೆ ಮೆತ್ತಗೆ ಬರೆದಿದ್ದರು, ಮುಂದೆ ಬದುಕುಳಿದವರ ಮಾತು ಕೇಳಿ ಅದನ್ನು ತಿದ್ದಿಕೊಂಡಿದ್ದರು. ಅಂಥವರ ಕೈಗೆ ಈ ಕೆಲಸ ಕೊಟ್ಟಿದ್ದು ಸರಿಯೇ ಎಂದು ಕೇಳಿದವರು ಒಂದು ಕಡೆ. ಇನ್ನೊಂದು ಕಡೆ ಕಾಡಿನಲ್ಲಿದ್ದ ಖ್ಮೇರ್ ರೂಜ್ ಅದೇ ವರ್ಷ ಅದೇ ವ್ಯಕ್ತಿಯನ್ನು ‘ಯುದ್ಧಾಪರಾಧಿ’ ಎಂದು ಸಾರಿತು. ಯೇಲ್ ಹಿಂದೆ ಸರಿಯಲಿಲ್ಲ. ಆದರೂ ಇದರಿಂದ ಒಂದು ಮಾತು ಸ್ಪಷ್ಟವಾಯಿತು ಎಂದು ನನಗನಿಸುತ್ತದೆ. ಹೊರಗಿನ ದುಡ್ಡು ಬರುವಾಗ ಅದರ ಜೊತೆ ಹೊರಗಿನ ಜಗಳಗಳೂ ಬರುತ್ತವೆ. ಸಂಗ್ರಹದ ಮಾನ ಒಬ್ಬ ವಿದ್ವಾಂಸನ ಮಾನಕ್ಕೆ ಗಂಟು ಬಿದ್ದರೆ, ಆತ ಎಡವಿದ ದಿನ ಕಪಾಟೂ ಬೀಳುತ್ತದೆ.

ಕಂಪ್ಯೂಟರಿಗೆ ಗೊತ್ತಿಲ್ಲದ ಲಿಪಿ

ಈ ಭಾಗವನ್ನು ತುಸು ನಿಧಾನವಾಗಿ ಹೇಳಬೇಕು. ಸೂಚೀಕರಣಕ್ಕೆ ಅವರು ಆರಿಸಿಕೊಂಡಿದ್ದು ಯುನೆಸ್ಕೋ ಉಚಿತವಾಗಿ ಹಂಚುತ್ತಿದ್ದ ಸಿಡಿಎಸ್-ಐಸಿಸ್ ಎಂಬ ತಂತ್ರಾಂಶ. ನನ್ನ ವಯಸ್ಸಿನ ಗ್ರಂಥಪಾಲಕರಿಗೆ ಇದು ಹಳೇ ನೆಂಟ. ಭಾರತದಲ್ಲಿ ಕೇಂದ್ರ ಸರಕಾರದ ವಿಜ್ಞಾನ ಮಾಹಿತಿ ಯೋಜನೆ ನಿಸ್ಸಾಟ್ ಇದನ್ನು ಹಂಚಿ ತರಬೇತಿ ಕೊಡುತ್ತಿತ್ತು. ಕರ್ನಾಟಕದಲ್ಲೂ ಎಷ್ಟೋ ಗ್ರಂಥಾಲಯಗಳು ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಇದರ ಮೂಲಕವೇ. ದುಬಾರಿ ತಂತ್ರಾಂಶ ಕೊಳ್ಳುವಷ್ಟು ಅನುದಾನ ಇದ್ದಾಗಲೂ ಬಡ ದೇಶವೊಂದರಲ್ಲಿ ಉಳಿದು ಬಾಳುವಂಥದ್ದನ್ನೇ ಆರಿಸಿಕೊಂಡರಲ್ಲ, ಅದು ಸರಿಯಾದ ತೀರ್ಮಾನ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ಇದನ್ನು ಹೊಂದಿಸಿಕೊಟ್ಟರು. ನಾಲ್ಕು ಮಾಹಿತಿ ಕೋಶಗಳು (ಡೇಟಾಬೇಸ್) ಆದವು: ಪುಸ್ತಕ ಮತ್ತು ದಾಖಲೆಗಳದ್ದು, ವ್ಯಕ್ತಿಗಳದ್ದು, ಫೋಟೊಗಳದ್ದು, ಸ್ಥಳಗಳದ್ದು. ಒಂದರಿಂದ ಇನ್ನೊಂದಕ್ಕೆ ದಾರಿ ಇತ್ತು.

ತೊಡಕು ಬಂದಿದ್ದು ಲಿಪಿಯಿಂದ. ಯಾವ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ರೀತಿ ಓದಿಸಿಕೊಳ್ಳುವಂತೆ ಮಾಡುವ ಸಂಕೇತ ಪದ್ಧತಿಯಾದ ಯುನಿಕೋಡ್ ಅನ್ನು ಖ್ಮೇರ್ ಲಿಪಿ ಸೇರಿದ್ದು 1999ರಲ್ಲಿ. ಅದಕ್ಕೂ ಮೊದಲು ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಬರೆಯಬೇಕಿತ್ತು. ಖ್ಮೇರ್ ಹೆಸರುಗಳಲ್ಲಿ ಬಹಳಷ್ಟು ಸಂಸ್ಕೃತ, ಪಾಳಿ ಮೂಲದವು. ಬರೆಯುವುದು ಒಂದು ರೀತಿ, ಉಚ್ಚರಿಸುವುದು ಇನ್ನೊಂದು ರೀತಿ. ಅಕ್ಷರ ಹಿಡಿದು ರೋಮನ್‌ಗೆ ತಂದರೆ ಒಂದು ಹೆಸರು, ಸದ್ದು ಹಿಡಿದು ತಂದರೆ ಬೇರೆಯೇ ಹೆಸರು. ಇದರ ಮೇಲೆ, ಖ್ಮೇರ್ ರೂಜ್ ಸೇರಿದವರು ಹುಟ್ಟುಹೆಸರು ಬಿಟ್ಟು ಕ್ರಾಂತಿಯ ಹೆಸರು ಇಟ್ಟುಕೊಳ್ಳುತ್ತಿದ್ದರು. ಒಬ್ಬನೇ ಮನುಷ್ಯ ಮೂರು ಕಾರ್ಡಿನಲ್ಲಿ ಮೂವರಾಗಬಹುದು, ಮೂವರು ಒಂದೇ ಕಾರ್ಡಿನಲ್ಲಿ ಕರಗಿಹೋಗಬಹುದು. ಲೇಖಕರ ಹೆಸರಿನಲ್ಲಿ ಇಂಥ ತಪ್ಪಾದರೆ ಪುಸ್ತಕ ಬೇರೆ ಕಪಾಟಿಗೆ ಹೋಗುತ್ತದೆ ಅಷ್ಟೆ. ಇಲ್ಲಿ ತಪ್ಪಾದರೆ ತಾಯಿಯೊಬ್ಬಳಿಗೆ ಮಗ ಸಿಗುವುದಿಲ್ಲ, ಅಥವಾ ನಿರಪರಾಧಿಯೊಬ್ಬ ಕೊಲೆಗಾರನಾಗಿಬಿಡುತ್ತಾನೆ. ಹಳೆಯ ಫಾಂಟುಗಳಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿದ ಕನ್ನಡ ಕಡತ ಬೇರೆ ಕಂಪ್ಯೂಟರಿನಲ್ಲಿ ಚೌಕ-ಚುಕ್ಕಿಗಳಾಗಿ ತೆರೆದುಕೊಂಡಾಗ ನಮಗಾದ ಸಂಕಟ ನೆನೆದರೆ ಅವರ ಪಾಡು ಅರ್ಥವಾಗುತ್ತದೆ.

ತಪ್ಪೊಪ್ಪಿಗೆಗಳ ವಿಷಯ ಇನ್ನೂ ಸೂಕ್ಷ್ಮ. ಹೊಡೆತಕ್ಕೆ ತಾಳಲಾರದೆ ‘ನಾನು ಸಿಐಎ ಗೂಢಚಾರ’ ಎಂದು ಬರೆದ ರೈತನ ಕಡತಕ್ಕೆ ಯಾವ ವಿಷಯ ಶೀರ್ಷಿಕೆ ಕೊಡಬೇಕು? ಬರೆದದ್ದನ್ನೇ ಸೂಚಿಗೆ ಇಳಿಸಿದರೆ ಹಿಂಸಕನ ಸುಳ್ಳಿಗೆ ಗ್ರಂಥಪಾಲಕ ಮುದ್ರೆ ಒತ್ತಿದಂತೆ. ಎಸ್-21ರಲ್ಲಿ ಸತ್ತವರಲ್ಲಿ ಬಹಳ ಮಂದಿ ನಿನ್ನೆಯವರೆಗೆ ಖ್ಮೇರ್ ರೂಜ್ ಕಾರ್ಯಕರ್ತರೇ ಆಗಿದ್ದವರು ಬೇರೆ. ಬಲಿಯಾದವರು, ಬಲಿ ಕೊಟ್ಟವರು ಎಂದು ಎರಡು ಪೆಟ್ಟಿಗೆ ಇಟ್ಟರೆ ಒಬ್ಬನೇ ಎರಡರಲ್ಲೂ ಬರುತ್ತಾನೆ. ವ್ಯಕ್ತಿಕೋಶದಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಕೊಟ್ಟದ್ದನ್ನು ಮೊದಲು ನೋಡಿದಾಗ ನನಗೆ ಕಸಿವಿಸಿಯಾಯಿತು. ಯೋಚಿಸಿದ ಮೇಲೆ, ತೀರ್ಪು ಹೇಳುವುದು ಕಾರ್ಡಿನ ಕೆಲಸವಲ್ಲ ಎಂದು ಒಪ್ಪಿದೆ.

ಸಿಕ್ಕಿದ ಕಡತ, ಬಿಟ್ಟುಕೊಡದ ಕಾಗದ

1996ರಲ್ಲಿ ಸಂತೆಬಾಲ್‌ನ ಕಡತಗಳು ಕೇಂದ್ರದ ಕೈಸೇರಿದವು, ಸುಮಾರು ಒಂದು ಲಕ್ಷ ಪುಟ. ಸಂತೆಬಾಲ್ ಎಂದರೆ ಖ್ಮೇರ್ ರೂಜ್‌ನ ಗುಪ್ತ ಪೊಲೀಸ್. ಪದ ಬಿಡಿಸಿದರೆ ನಮಗೂ ಗುರುತು ಸಿಗುತ್ತದೆ: ಶಾಂತಿಸುಖ, ನಗರಪಾಲ ಎಂಬ ಎರಡು ಮಾತು ಸವೆದು ಕೂಡಿಕೊಂಡದ್ದು. ನಮ್ಮ ಕಿವಿಗೆ ಇಷ್ಟು ಹಿತವಾಗಿ ಬೀಳುವ ಎರಡು ಪದ ಅಲ್ಲಿ ಒಂದು ತಲೆಮಾರಿಗೆ ನಡುಕ ಹುಟ್ಟಿಸಿದವು.

ಅಲ್ಲಿಯವರೆಗೆ ಎಸ್-21 ಒಂದೇ ಕಟ್ಟಡದ ಕ್ರೌರ್ಯ, ಕೆಲವರ ಅತಿರೇಕ ಎಂದು ವಾದಿಸುವವರಿಗೆ ಎಡೆ ಇತ್ತು. ಈ ಕಡತಗಳು ಭದ್ರತಾ ವ್ಯವಸ್ಥೆಯ ಮೇಲ್ಮಟ್ಟಕ್ಕೂ ಸೆರೆಮನೆಗಳಿಗೂ ನಡುವೆ ಓಡಾಡಿದ ವರದಿಗಳನ್ನು ತೋರಿಸಿದವು. ಇಂಥ ಸಂಗ್ರಹ ಕೈಗೆ ಬಂದಾಗ ದಾನಿ ದೇಶದ ವಿಶ್ವವಿದ್ಯಾಲಯ ಮೂಲವನ್ನೇ ಕೇಳುವುದು ಸಹಜ. ಅಲ್ಲಿ ತಂಪು ಕೋಣೆ ಇದೆ, ಪರಿಣತರಿದ್ದಾರೆ, ಗುಂಡಿನ ಸದ್ದಿಲ್ಲ. ವಸಾಹತು ಕಾಲದಲ್ಲಿ ನಮ್ಮ ತಾಳೆಗರಿಗಳು ಲಂಡನ್ನಿಗೆ ಹೋದದ್ದೂ ಹೆಚ್ಚುಕಡಿಮೆ ಇದೇ ಮಾತಿನ ಮೇಲೆ. ಇಲ್ಲಿ ಮೂಲ ನಾಮ್ ಪೆನ್‌ನಲ್ಲೇ ಉಳಿಯಿತು. ಯೇಲ್ ಗ್ರಂಥಾಲಯಕ್ಕೆ ಹೋದದ್ದು ಮೈಕ್ರೋಫಿಲ್ಮ್. ಇಡೀ ಪ್ರಕರಣದ ಮುಖ್ಯ ತಿರುವು ಇದೇ ಎಂದು ನಾನು ತಿಳಿದಿದ್ದೇನೆ. ಕಾಗದ ಊರಲ್ಲಿದ್ದರೆ ಅದನ್ನು ಓದಲು, ಜೋಪಾನ ಮಾಡಲು, ಅದರ ಮೇಲೆ ಜಗಳವಾಡಲು ಊರಿನವರೇ ಬೇಕಾಗುತ್ತದೆ. ಊರಿನವರು ತಯಾರಾಗುವುದು ಹಾಗೆಯೇ.

1997ರ ಜನವರಿ 1ರಂದು ಕೇಂದ್ರ ಯೇಲ್‌ನಿಂದ ಬೇರೆಯಾಗಿ ಕಾಂಬೋಡಿಯನ್ನರೇ ನಡೆಸುವ ಸ್ವತಂತ್ರ ಸಂಸ್ಥೆಯಾಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ, ಜುಲೈನಲ್ಲಿ, ಆಳುವ ಎರಡು ಬಣಗಳ ನಡುವೆ ರಾಜಧಾನಿಯ ಬೀದಿಗಳಲ್ಲೇ ಕಾಳಗ ನಡೆಯಿತು. ಪ್ರತಿಗಳು ದೂರದ ದೇಶದಲ್ಲಿ ಇರಬೇಕು ಎಂಬ ಮಾತಿನ ಬೆಲೆ ಅಂಥ ದಿನಗಳಲ್ಲಿ ತಿಳಿಯುತ್ತದೆ. ಮೂಲ ಮನೆಯಲ್ಲಿ, ನಕಲು ನೆಂಟರ ಮನೆಯಲ್ಲಿ. ಹಣದ ವಿಷಯದಲ್ಲೂ ಒಬ್ಬರಿಗೇ ಜೋತುಬೀಳಲಿಲ್ಲ. ಮುಂದಿನ ವರ್ಷಗಳಲ್ಲಿ ಸ್ವೀಡನ್ನಿನ ನೆರವು ಸಂಸ್ಥೆ ಸಿಡಾ, ಅಮೆರಿಕದ ಯುಎಸ್‌ಏಡ್ ಮತ್ತಿತರರಿಂದ ಹಣ ಬಂತು.

ಯಾರಿಗಾಗಿ

ಯೇಲ್ ಯೋಜನೆಯವರು 1997ರಲ್ಲೇ ಈ ಕೋಶಗಳನ್ನು ಅಂತರ್ಜಾಲಕ್ಕೆ ಏರಿಸಿದರು. ಎಸ್-21ರ ಐದು ಸಾವಿರಕ್ಕೂ ಹೆಚ್ಚು ಮುಖಗಳು ಹೆಸರಿಲ್ಲದೆ ಪರದೆಯ ಮೇಲೆ ಬಂದವು. ಗುರುತು ಸಿಕ್ಕವರು ಹೆಸರು ಬರೆದು ಕಳಿಸಿ ಎಂದು ಕೇಳಿಕೊಂಡರು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ. ದೇಶ ಬಿಟ್ಟು ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ್ದ ಕಾಂಬೋಡಿಯನ್ನರಿಗೆ ಬಾಗಿಲು ತೆರೆಯಿತು. ಆದರೆ ಕಾಂಬೋಡಿಯಾದಲ್ಲಿ ಅಂತರ್ಜಾಲ ಆಗಷ್ಟೇ ಕಣ್ಣುಬಿಡುತ್ತಿತ್ತು, ಪುಟಗಳು ಇಂಗ್ಲಿಷಿನವು. ಹೊಂಡದ ಪಕ್ಕದಲ್ಲೇ ಗದ್ದೆ ಉಳುವ ಹೆಂಗಸಿಗೆ ಅದರಿಂದ ಏನೂ ದಕ್ಕುವಂತಿರಲಿಲ್ಲ.

ಇದನ್ನು ಕೇಂದ್ರ ಸರಿಪಡಿಸಿದ ರೀತಿ ನನಗೆ ಬಹಳ ಹಿಡಿಸಿತು. 2000ದಲ್ಲಿ ಖ್ಮೇರ್ ಭಾಷೆಯಲ್ಲಿ ಮಾಸಪತ್ರಿಕೆ ಶುರು ಮಾಡಿ ಹಳ್ಳಿಹಳ್ಳಿಗೆ ಪುಕ್ಕಟೆ ಹಂಚಿದರು. ಅದರಲ್ಲಿ ದಾಖಲೆಗಳ ಅನುವಾದ, ಬದುಕುಳಿದವರ ಕತೆ, ಕಳೆದುಹೋದ ಅಣ್ಣ-ತಂಗಿಯರನ್ನು ಹುಡುಕುವವರ ಪತ್ರಗಳು ಇರುತ್ತಿದ್ದವು. ಇದರ ಜೊತೆಗೆ ಕೇಂದ್ರದವರು ಹಳ್ಳಿ ತಿರುಗಿ ಹೊಂಡಗಳನ್ನು ನಕ್ಷೆಗೆ ತಂದರು. ಸುಮಾರು 20,000 ಸಾಮೂಹಿಕ ಸಮಾಧಿ ಗುಂಡಿ, 200ರ ಹತ್ತಿರ ಸೆರೆಮನೆಗಳು ಲೆಕ್ಕಕ್ಕೆ ಬಂದವು. ಗುಂಡಿ ತೋರಿಸಿದವರು ಊರಿನವರೇ. ಓದುಗರೇ ಸಂಗ್ರಹಕ್ಕೆ ಸಾಮಗ್ರಿ ತಂದುಕೊಟ್ಟ ಗ್ರಂಥಾಲಯ ಇದು. 2007ರಲ್ಲಿ ಆ ಕಾಲದ ಇತಿಹಾಸವನ್ನು ಪ್ರೌಢಶಾಲೆಯ ಮಕ್ಕಳಿಗಾಗಿ ಪುಸ್ತಕ ಮಾಡಿದರು. ಅಲ್ಲಿಯವರೆಗೆ ಶಾಲೆಗಳಲ್ಲಿ ಆ ಸುಮಾರು ನಾಲ್ಕು ವರ್ಷಗಳ ಬಗ್ಗೆ ಹೆಚ್ಚಿಗೆ ಏನೂ ಕಲಿಸುತ್ತಿರಲಿಲ್ಲ. ಅಪ್ಪ-ಅಮ್ಮ ಹೇಳಿದ್ದನ್ನು ಮಕ್ಕಳು ನಂಬುತ್ತಿರಲಿಲ್ಲ.

ಹಳ್ಳಿಗೆ ಹೋದ ಕೂಡಲೇ ಹೆಸರಿನ ಪ್ರಶ್ನೆ ಮತ್ತೆ ಎದುರಾಯಿತು. ಕೆಳಹಂತದ ಖ್ಮೇರ್ ರೂಜ್ ಕಾರ್ಯಕರ್ತರು ಅದೇ ಊರುಗಳಲ್ಲಿ, ಅದೇ ಬಾವಿಯ ನೀರು ಸೇದುತ್ತ ಬದುಕಿದ್ದರು. ಕಾಗದದಲ್ಲಿರುವ ಹೆಸರನ್ನು ನೋಡುವ ಹಕ್ಕು ಸತ್ತವರ ಮನೆಯವರಿಗೆ ಇದೆ. ಅದನ್ನು ಓದಿ ಯಾರಾದರೂ ಮಚ್ಚು ಎತ್ತಿದರೆ? ಇದಕ್ಕೆ ಒಂದೇ ಸಾಲಿನ ನಿಯಮ ಎಲ್ಲಿಯೂ ಸಿಗುವುದಿಲ್ಲ. ಕಾಗದ ತೋರಿಸುವವರು ಪಕ್ಕದಲ್ಲಿ ಕೂತು, ಇದು ಯಾರು ಬರೆದದ್ದು, ಯಾವ ಸ್ಥಿತಿಯಲ್ಲಿ ಬರೆದದ್ದು ಎಂದು ವಿವರಿಸಬೇಕು. ಕಪಾಟು ತೋರಿಸಿ ಎದ್ದುಹೋಗುವ ಗ್ರಂಥಪಾಲಕರಿಂದ ಆಗುವ ಕೆಲಸವಲ್ಲ ಇದು.

ಕಟಕಟೆಯಲ್ಲಿ ರಿಜಿಸ್ಟರ್

2003ರಲ್ಲಿ ವಿಶ್ವಸಂಸ್ಥೆಗೂ ಕಾಂಬೋಡಿಯಾ ಸರಕಾರಕ್ಕೂ ಒಪ್ಪಂದವಾಗಿ, 2006ರಲ್ಲಿ ವಿಶೇಷ ನ್ಯಾಯಾಲಯ ಕೆಲಸ ಶುರು ಮಾಡಿತು. ಕೇಂದ್ರದಿಂದ ಲಕ್ಷಾಂತರ ಪುಟಗಳು ಅಲ್ಲಿಗೆ ಹೋದವು. ಎಸ್-21ರ ಮುಖ್ಯಸ್ಥನಿಗೆ 2010ರ ಜುಲೈ 26ರಂದು 35 ವರ್ಷ ಸೆರೆ, ಮೇಲ್ಮನವಿಯ ನಂತರ 2012ರ ಫೆಬ್ರವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಗ್ರಂಥಪಾಲಕರು ಕಣ್ಣಿಟ್ಟು ಓದಬೇಕಾದ ಘಟ್ಟ 2012ರ ಆರಂಭದ್ದು. ಉಳಿದ ಹಿರಿಯ ನಾಯಕರ ವಿಚಾರಣೆಯಲ್ಲಿ ಕೇಂದ್ರದ ನಿರ್ದೇಶಕರನ್ನೂ ಉಪನಿರ್ದೇಶಕರನ್ನೂ ಸಾಕ್ಷಿ ಕಟ್ಟೆಗೆ ಕರೆದರು. ಕೊಲೆಗಳ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ, ಕಾಗದಗಳ ಬಗ್ಗೆ ಹೇಳುವುದಕ್ಕೆ. ಇದು ಎಲ್ಲಿಂದ ಬಂತು, ಯಾರ ಕೈಯಿಂದ, ಇದು ಮೂಲವೋ ನಕಲೋ, ನಡುವೆ ಯಾರಾದರೂ ತಿದ್ದಿರಬಹುದೇ? ಪ್ರತಿವಾದಿ ವಕೀಲರು ಕೇಂದ್ರದ ನಿಷ್ಪಕ್ಷಪಾತವನ್ನೇ ಪ್ರಶ್ನಿಸಿದರು. ಬದುಕುಳಿದವರೇ ಕಟ್ಟಿದ ಸಂಸ್ಥೆ, ನರಮೇಧ ನಡೆಯಿತೆಂದು ಮೊದಲೇ ನಂಬಿದವರ ಸಂಗ್ರಹ, ಇದು ಸಾಕ್ಷ್ಯವಾಗುವುದು ಹೇಗೆ ಎಂಬುದು ಅವರ ವಾದ. ದಾಖಲೆಗಳನ್ನು ನ್ಯಾಯಾಲಯ ಪರಿಗಣಿಸಿತು. 2014ರ ಆಗಸ್ಟ್ 7ರಂದು ಇಬ್ಬರು ನಾಯಕರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2018ರ ನವೆಂಬರ್ 16ರ ತೀರ್ಪಿನಲ್ಲಿ ‘ನರಮೇಧ’ ಎಂಬ ಪದವೂ ಕಡೆಗೆ ಬಂತು. ಪ್ಯಾರಿಸ್‌ನಲ್ಲಿ ಅದನ್ನು ಬಿಟ್ಟು 27 ವರ್ಷ ಕಳೆದಿತ್ತು.

ನಮ್ಮಲ್ಲಿ ಅಕ್ಸೆಷನ್ ರಿಜಿಸ್ಟರ್, ಅಂದರೆ ಗ್ರಂಥಾಲಯಕ್ಕೆ ಬಂದದ್ದನ್ನೆಲ್ಲ ದಾಖಲಿಸುವ ಪುಸ್ತಕ, ಎಂದರೆ ವರ್ಷಕ್ಕೊಮ್ಮೆ ಆಡಿಟ್‌ನವರು ಬಂದಾಗ ಧೂಳು ಕೊಡವುವ ಪುಸ್ತಕ. ಬಂದ ದಿನಾಂಕ, ಕೊಟ್ಟವರು, ಪುಟಸಂಖ್ಯೆ, ಸ್ಥಿತಿ ಎಂಬ ನಾಲ್ಕು ಕಾಲಮ್ಮು ತುಂಬಲು ಬೇಸರಪಡುತ್ತೇವೆ. ನಾನೂ ಪಟ್ಟಿದ್ದೇನೆ. ಮಾನವ ಹಕ್ಕಿನ ಸಂಗ್ರಹದಲ್ಲಿ ಆ ನಾಲ್ಕು ಕಾಲಮ್ಮು ಹದಿನೈದು, ಇಪ್ಪತ್ತು ವರ್ಷಗಳ ನಂತರ ಒಬ್ಬ ವಕೀಲನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ತುಂಬುವ ದಿನ ಅದು ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲಿ ಮಾಡುವುದಾದರೆ

ನಮ್ಮಲ್ಲೂ ಇಂಥ ಸಂಗ್ರಹಕ್ಕೆ ಸಾಮಗ್ರಿ ಇದೆ. ಜೀತ ಪದ್ಧತಿ ರದ್ದತಿ ಕಾಯಿದೆ 1976ರದ್ದು, ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ 1982ರದ್ದು, ಮಲ ಹೊರುವ ಪದ್ಧತಿಯ ಮೇಲಿನ ಈಗಿನ ಕಾಯಿದೆ 2013ರದ್ದು. ಬಿಡುಗಡೆ ಪತ್ರಗಳು, ತಹಸೀಲ್ದಾರರ ವರದಿಗಳು, ಸಂಘಟನೆಗಳ ಕರಪತ್ರಗಳು, ಅರ್ಜಿಯ ನಕಲುಗಳು ಕಾರ್ಯಕರ್ತರ ಮನೆಯ ಅಟ್ಟದ ಮೇಲೆ ಗೋಣಿಚೀಲಗಳಲ್ಲಿ ಕೂತಿವೆ. ಮಾನವ ಹಕ್ಕುಗಳ ಅರಿವು ಹಬ್ಬಿಸುವುದು ಮಾನವ ಹಕ್ಕು ಆಯೋಗಗಳ ಕೆಲಸವೆಂದು 1993ರ ಮಾನವ ಹಕ್ಕು ರಕ್ಷಣೆ ಕಾಯಿದೆಯೇ ಹೇಳುತ್ತದೆ. ಆದರೆ ಆ ಗೋಣಿಚೀಲ ಬಿಚ್ಚುವವರು ಬೇಕು.

ಹೊರದೇಶದ ನೆರವು ಪಡೆದು ಮಾಡುತ್ತೇವೆ ಎಂದರೆ ನಾಮ್ ಪೆನ್‌ನವರಿಗಿಲ್ಲದ ತೊಡಕುಗಳೂ ಇವೆ. ವಿದೇಶಿ ವಂತಿಗೆ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದವರು ಇನ್ನೊಂದು ಸಂಸ್ಥೆಗೆ ಅದನ್ನು ದಾಟಿಸುವಂತಿಲ್ಲ. ಆಡಳಿತ ವೆಚ್ಚ 20% ಮೀರುವಂತಿಲ್ಲ. ಯೇಲ್ ತನ್ನ ಕೂಸನ್ನು ಎರಡು ವರ್ಷ ಸಾಕಿ, ಸ್ವತಂತ್ರ ಮಾಡಿ ಬಿಟ್ಟಂಥ ಏರ್ಪಾಡು ಇಲ್ಲಿ ಸುಲಭವಲ್ಲ. ಹಾಗಾಗಿ ನನ್ನನ್ನು ಕೇಳುವವರಿಗೆ ನಾನು ಹೇಳುವುದು, ಹೊರಗಿನವರಿಂದ ಮೊದಲು ದುಡ್ಡನ್ನು ಕೇಳಬೇಡಿ. ತರಬೇತಿ ಕೇಳಿ, ಸೂಚೀಕರಣದ ಪದಪಟ್ಟಿ ಕೇಳಿ, ನಕಲು ಇಡಲು ಜಾಗ ಕೇಳಿ. ಸಂಬಳ, ಬಾಡಿಗೆ, ಕರೆಂಟು ಬಿಲ್ಲು ಊರಿನಿಂದಲೇ ಹುಟ್ಟಲಿ, ಚಿಕ್ಕದಾದರೂ ಸರಿ. ಸೂಚಿಯನ್ನು ಮೊದಲ ದಿನದಿಂದ ಕನ್ನಡದಲ್ಲೇ ಮಾಡಿ, ಯುನಿಕೋಡ್‌ನಲ್ಲಿ. ಇಂಗ್ಲಿಷ್ ಆಮೇಲೆ ಸೇರಿಸಿಕೊಳ್ಳಬಹುದು. ಜೀತ ಬಿಟ್ಟುಬಂದವನ ಮೊಮ್ಮಗಳು ಅಜ್ಜನ ಹೆಸರನ್ನು ಕನ್ನಡದಲ್ಲಿ ಹುಡುಕುತ್ತಾಳೆ. ಆ ಹೆಸರನ್ನು ಊರಿನಲ್ಲಿ ಕರೆದದ್ದು ಒಂದು, ಕಂದಾಯದ ಕಡತದಲ್ಲಿ ಬರೆದದ್ದು ಇನ್ನೊಂದು ಆಗಿರಬಹುದು. ಎರಡನ್ನೂ ಬರೆದಿಡಿ.

ತೂಲ್ ಸ್ಲೆಂಗ್ ಸಂಗ್ರಹವನ್ನು 2009ರಲ್ಲಿ ಯುನೆಸ್ಕೋ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಆ ಫೋಟೊಗಳಲ್ಲಿ ಹಲವರ ಗುರುತು ಮನೆಯವರಿಗೆ ಸಿಕ್ಕಿತು, ಬಹಳಷ್ಟು ಮಂದಿಯದು ಸಿಗಲಿಲ್ಲ. ಫೋಟೊ ಕೋಶ ಕಟ್ಟಿದವರು ಎದೆಯ ಮೇಲಿದ್ದ ಸಂಖ್ಯೆಯನ್ನೇ ಹೆಸರೆಂದು ಭರ್ತಿ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮುಖದ ಕೆಳಗೆ ಹೆಸರಿನ ಜಾಗವನ್ನು ಖಾಲಿ ಬಿಟ್ಟರು, ಬಂದವರು ಬರೆಯಲಿ ಎಂದು.